ಎರಡೇ ಸೀಸನ್ನಿನ ಪಾಠ

ಅಮೆರಿಕದ ಕಮ್ಯುನಿಟಿ ಕಾಲೇಜಿನ ವಾಲಿಬಾಲ್ ಕೋಚ್‌ಗೆ ಒಬ್ಬ ಹುಡುಗಿ ಸಿಗುವುದು ಹೆಚ್ಚೆಂದರೆ ಎರಡು ಸೀಸನ್. ಆಗಸ್ಟ್‌ನಲ್ಲಿ ಅಭ್ಯಾಸ ಶುರುವಾದರೆ ನವೆಂಬರ್ ಮುಗಿಯುವಷ್ಟರಲ್ಲಿ ರಾಷ್ಟ್ರೀಯ ಪಂದ್ಯಾವಳಿಯೂ ಮುಗಿದಿರುತ್ತದೆ. ಚಳಿಗಾಲ ಕಳೆದ ಮೇಲೆ ಒಂದಿಷ್ಟು ಅಭ್ಯಾಸ, ಮರುವರ್ಷ ಇನ್ನೊಂದು ಸೀಸನ್, ಅಲ್ಲಿಗೆ ಮುಗಿಯಿತು. ಕೈ ಪಳಗಿತು ಅನ್ನುವ ಹೊತ್ತಿಗೆ ಆಕೆ ಪದವಿ ಪೂರೈಸಲು ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಿರುತ್ತಾಳೆ, ಇಲ್ಲವೇ ಕೆಲಸಕ್ಕೆ ಸೇರಿರುತ್ತಾಳೆ. ಪ್ರತಿ ಆಗಸ್ಟ್‌ನಲ್ಲೂ ತಂಡದ ಅರ್ಧದಷ್ಟು ಮುಖಗಳು ಹೊಸವು. ಹೀಗಿದ್ದೂ ಕೆಲವು ಕಾಲೇಜುಗಳು ವರ್ಷ ವರ್ಷವೂ ಗೆಲ್ಲುತ್ತಲೇ ಇರುತ್ತವೆ. ಆಟಗಾರ್ತಿಯರು ಬದಲಾದರೂ ಗೆಲುವು ಉಳಿಯುತ್ತದೆ ಎಂದರೆ, ಅಲ್ಲಿ ಬದಲಾಗದೆ ಉಳಿದದ್ದು ಕಲಿಸುವ ರೀತಿ.

ಈ ಕಲಿಸುವ ರೀತಿಯ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ದೇಹ ಹೊಸ ಚಲನೆಯೊಂದನ್ನು ಹೇಗೆ ಕಲಿಯುತ್ತದೆ, ಕಲಿತದ್ದು ಏಕೆ ಮರೆತುಹೋಗುತ್ತದೆ, ಯಾವ ಮಾತು ನೆರವಾಗುತ್ತದೆ, ಯಾವ ಮಾತು ಅಡ್ಡಿಯಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಅರ್ಧ ಶತಮಾನದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಬಹಳಷ್ಟು ನಮ್ಮ ಸಹಜ ಬುದ್ಧಿಗೆ ಎದುರಾಗಿ ನಿಲ್ಲುತ್ತದೆ. ಅದನ್ನು ಒಪ್ಪಿಕೊಂಡು ಅಂಕಣದಲ್ಲಿ ಜಾರಿಗೆ ತರುವುದಕ್ಕೆ ಕೋಚ್‌ಗೆ ಧೈರ್ಯ ಬೇಕು.

ಮೊದಲು ಈ ಕಾಲೇಜುಗಳ ಬಗ್ಗೆ ನಾಲ್ಕು ಮಾತು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ ಸಾರ್ವಜನಿಕ ಜೂನಿಯರ್ ಕಾಲೇಜೊಂದು ಶುರುವಾಯಿತು. ಇಂದಿಗೂ ನಡೆಯುತ್ತಿರುವ ಅದೇ ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದು. ಈಗ ಇಂಥವು ಸುಮಾರು ಸಾವಿರ ಇವೆ. ಪ್ರವೇಶಕ್ಕೆ ಅಂಕಗಳ ಜರಡಿ ಇಲ್ಲ, ಶುಲ್ಕ ಕಡಿಮೆ, ಓದು ಎರಡು ವರ್ಷದ್ದು. ಹಗಲು ತರಗತಿ, ಸಂಜೆ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಮೆ ಎಂಬಂಥ ಬದುಕಿನವರು ಇಲ್ಲಿ ಹೆಚ್ಚು. ಕ್ರೀಡೆಯ ವಿಷಯಕ್ಕೆ ಬಂದರೆ, ಹಿಂದೆ ದೊಡ್ಡ ವಿಶ್ವವಿದ್ಯಾಲಯಗಳ ಕ್ರೀಡಾ ಸಂಘವು ಕ್ಯಾಲಿಫೋರ್ನಿಯಾದ ಜೂನಿಯರ್ ಕಾಲೇಜುಗಳ ಓಟಗಾರರಿಗೆ ತನ್ನ ಕೂಟದಲ್ಲಿ ಜಾಗ ಕೊಡಲಿಲ್ಲ. ಆಗ ಆ ಕಾಲೇಜುಗಳವರು ತಮ್ಮದೇ ಸಂಘ ಕಟ್ಟಿಕೊಂಡರು. 1938ರಲ್ಲಿ ರೂಪುಗೊಂಡ ಅದೇ ರಾಷ್ಟ್ರೀಯ ಜೂನಿಯರ್ ಕಾಲೇಜು ಕ್ರೀಡಾ ಸಂಘ, ಎನ್‌ಜೆಸಿಎಎ. ಶಿಕ್ಷಣದಲ್ಲಿ ಹೆಣ್ಣು-ಗಂಡು ಭೇದ ಕೂಡದು ಎಂದ 'ಟೈಟಲ್ ನೈನ್' ಕಾನೂನು 1972ರಲ್ಲಿ ಬಂತು. ಮೂರು ವರ್ಷಗಳ ನಂತರ ಈ ಸಂಘದಲ್ಲೂ ಮಹಿಳಾ ವಿಭಾಗ ತೆರೆಯಿತು.

ಆ ಕಾನೂನಿಗೆ ಒಂದು ನೋವಿನ ಮಗ್ಗುಲೂ ಇದೆ. 1972ಕ್ಕೆ ಮೊದಲು ಅಮೆರಿಕದ ಕಾಲೇಜು ಮಹಿಳಾ ತಂಡಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವನ್ನು ಹೆಂಗಸರೇ ತರಬೇತುಗೊಳಿಸುತ್ತಿದ್ದರು. ಹಣವೂ ಹೆಸರೂ ಬಂದ ಮೇಲೆ ಆ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಆಡುವ ಹುಡುಗಿಯರ ಸಂಖ್ಯೆ ಹಲವು ಪಟ್ಟು ಏರಿದ ಕಾಲದಲ್ಲೇ ಕಲಿಸುವ ಹೆಂಗಸರ ಪಾಲು ಕುಸಿದದ್ದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ.

2023ರ ಆಗಸ್ಟ್ 30ರಂದು ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಕಾಲೇಜು ಹುಡುಗಿಯರ ವಾಲಿಬಾಲ್ ನೋಡಲು 92,003 ಜನ ಸೇರಿದ್ದರು. ಕಮ್ಯುನಿಟಿ ಕಾಲೇಜುಗಳ ಲೋಕ ಅದಲ್ಲ. ಈ ಕಾಲೇಜುಗಳ ಜಿಮ್‌ನಲ್ಲಿ ಬೆಂಚುಗಳ ಮೇಲೆ ಅಪ್ಪ ಅಮ್ಮಂದಿರು, ಸಹಪಾಠಿಗಳು, ಊರಿನ ಕೆಲವು ಹಿರಿಯರು ಕೂತಿರುತ್ತಾರೆ. ಐಡಹೋ ರಾಜ್ಯದ ಟ್ವಿನ್ ಫಾಲ್ಸ್‌ನಲ್ಲಿರುವ ಕಾಲೇಜ್ ಆಫ್ ಸದರ್ನ್ ಐಡಹೋ, ಫ್ಲಾರಿಡಾದ ಮಯಾಮಿ ಡೇಡ್ ಕಾಲೇಜು ಈ ಲೋಕದ ದೊಡ್ಡ ಹೆಸರುಗಳು. ಎರಡೂ ಹಲವು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿವೆ. ಇಂಥ ತಂಡದ ಕೋಚ್‌ಗೆ ಎದುರಾಗುವ ಪ್ರಶ್ನೆ ಒಂದೇ: ಇಷ್ಟು ಕಡಿಮೆ ಸಮಯದಲ್ಲಿ ಯಾವುದನ್ನು ಕಲಿಸಲಿ, ಹೇಗೆ ಕಲಿಸಿದರೆ ಅದು ಉಳಿಯುತ್ತದೆ?

ಯಾವುದನ್ನು ಎಂಬುದಕ್ಕೆ ಸ್ವಲ್ಪ ಲೆಕ್ಕ ಸಹಾಯ ಮಾಡುತ್ತದೆ. ಈಗಿನ ನಿಯಮದಲ್ಲಿ ಯಾರೇ ಸರ್ವ್ ಮಾಡಲಿ, ಪ್ರತಿ ರ‍್ಯಾಲಿಗೂ ಒಂದು ಅಂಕ. 25 ಅಂಕಕ್ಕೆ ಸೆಟ್, ಐದರಲ್ಲಿ ಮೂರು ಸೆಟ್ ಗೆದ್ದವರಿಗೆ ಪಂದ್ಯ. ಎರಡು ತಂಡಗಳು ಸರಿಸಮವಾಗಿದ್ದರೆ ನೂರು ರ‍್ಯಾಲಿಗಳಲ್ಲಿ ತಲಾ 50. ಒಂದು ತಂಡ ಇದನ್ನು 52ಕ್ಕೆ ಏರಿಸಿಕೊಂಡಿತು ಎನ್ನಿ. ಪ್ರತಿ ರ‍್ಯಾಲಿಯೂ ಹಿಂದಿನದರ ಹಂಗಿಲ್ಲದೆ ನಡೆಯುತ್ತದೆ ಎಂದು ಸರಳವಾಗಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಆ ತಂಡ ಒಂದು ಸೆಟ್ ಗೆಲ್ಲುವ ಸಂಭವ ನೂರಕ್ಕೆ ಸುಮಾರು 61, ಪಂದ್ಯ ಗೆಲ್ಲುವ ಸಂಭವ ಸುಮಾರು 70. ರ‍್ಯಾಲಿಗಳಲ್ಲಿ 55 ಗೆಲ್ಲುವಂತಾದರೆ ಸೆಟ್‌ಗೆ 76, ಪಂದ್ಯಕ್ಕೆ 90. ನೂರಕ್ಕೆ ಐದೇ ಐದು ರ‍್ಯಾಲಿ ಹೆಚ್ಚು ಗೆದ್ದರೆ ಹತ್ತರಲ್ಲಿ ಒಂಬತ್ತು ಪಂದ್ಯ ಕೈಗೆ ಬರುತ್ತವೆ. ಹಾಗಾಗಿ ಆರಡಿ ಎತ್ತರದ ಒಬ್ಬ ತಾರೆ ಸಿಗಲಿ ಎಂದು ಕಾಯುತ್ತ ಕೂರುವ ಬದಲು, ಇರುವ ಹನ್ನೆರಡು ಹುಡುಗಿಯರೂ ತುಸು ತುಸು ಸುಧಾರಿಸುವಂತೆ ಮಾಡಿದರೆ ಫಲ ದೊಡ್ಡದು.

ಆ ಐದು ರ‍್ಯಾಲಿಗಳು ಬಹುಪಾಲು ಅಡಗಿರುವುದು ಮೊದಲ ಸ್ಪರ್ಶದಲ್ಲಿ. ಎದುರಾಳಿಯ ಸರ್ವ್ ಬರುತ್ತದೆ. ಹಿಂದಿನ ಸಾಲಿನ ಹುಡುಗಿ ಅದನ್ನು ಎರಡೂ ಮುಂಗೈ ಜೋಡಿಸಿ ಮೇಲೆತ್ತಿ ಸೆಟ್ಟರ್‌ಗೆ, ನಮ್ಮ ಮೈದಾನಗಳ ಭಾಷೆಯಲ್ಲಿ ಲಿಫ್ಟರ್‌ಗೆ, ಕೊಡಬೇಕು. ಚೆಂಡು ನೆಟ್ ಬಳಿ ಸರಿಯಾದ ಜಾಗಕ್ಕೆ ಬಂದರೆ ಸೆಟ್ಟರ್ ಮುಂದೆ ಮೂರು ದಾರಿಗಳು ತೆರೆದಿರುತ್ತವೆ: ಎಡಕ್ಕೆ, ನಡುವಿಗೆ, ಬಲಕ್ಕೆ. ಎದುರಾಳಿಯ ಬ್ಲಾಕರ್‌ಗೆ ಎಲ್ಲಿ ನೆಗೆಯಬೇಕೋ ತಿಳಿಯುವುದಿಲ್ಲ. ಚೆಂಡು ಎರಡು ಮೀಟರ್ ಆಚೆ ಹೋದರೆ ಇರುವುದು ಒಂದೇ ದಾರಿ, ಅದು ಎಲ್ಲರಿಗೂ ಗೊತ್ತಾಗಿರುತ್ತದೆ. ಅದಕ್ಕೇ ಕೋಚ್‌ಗಳು ಪ್ರತಿ ಪಾಸ್‌ಗೂ, ಅಂದರೆ ಈ ಮೊದಲ ಸ್ಪರ್ಶಕ್ಕೆ, 0ಯಿಂದ 3ರವರೆಗೆ ಅಂಕ ಹಾಕುತ್ತಾರೆ. ಬೆಂಚಿನಲ್ಲಿ ಕೂತ ಹುಡುಗಿಯೊಬ್ಬಳ ಕೈಯಲ್ಲಿ ಹಲಗೆಯೂ ಪೆನ್ಸಿಲ್ಲೂ ಇರುತ್ತವೆ. ಅವಳೂ ಆಟ ಕಲಿಯುತ್ತಲೇ ಇರುತ್ತಾಳೆ.

ಈ ಮೊದಲ ಸ್ಪರ್ಶವನ್ನು ಕಷ್ಟ ಮಾಡುವುದು ಗಾಳಿ. ಇಂದು ಹುಡುಗಿಯರ ಆಟದಲ್ಲಿ ಹೆಚ್ಚು ಕಾಣುವುದು ಫ್ಲೋಟ್ ಸರ್ವ್, ಅಂದರೆ ಚೆಂಡು ತಿರುಗದಂತೆ ಅಂಗೈಯಿಂದ ಗಟ್ಟಿಯಾಗಿ ತಟ್ಟಿ ಬಿಡುವುದು. ತಿರುಗುವ ಚೆಂಡಿನ ದಾರಿಯನ್ನು ಊಹಿಸಬಹುದು, ಅದು ಒಂದೇ ಕಡೆಗೆ ಬಾಗುತ್ತದೆ. ತಿರುಗದ ಚೆಂಡು ಹಾಗಲ್ಲ. ಸುಮಾರು 21 ಸೆಂಟಿಮೀಟರ್ ಅಡ್ಡಳತೆಯ ಈ ಚೆಂಡು ಸೆಕೆಂಡಿಗೆ 15 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುವಾಗ ಅದರ ಮೈಗಂಟಿದ ಗಾಳಿಯ ತೆಳು ಪದರ ಒಂದು ಹೊಸ್ತಿಲ ಮೇಲೆ ನಿಂತಿರುತ್ತದೆ. ಅದು ನಯವಾಗಿ ಹರಿಯಲೂಬಹುದು, ಕದಡಿ ಹರಿಯಲೂಬಹುದು. ಹೊಲಿಗೆಯಂಥ ಅಂಚು ಯಾವ ಕಡೆ ಬಿತ್ತು ಎಂಬುದರ ಮೇಲೆ ಒಂದು ಪಕ್ಕದಲ್ಲಿ ಗಾಳಿ ಬೇಗ ಬಿಟ್ಟುಕೊಳ್ಳುತ್ತದೆ, ಇನ್ನೊಂದು ಪಕ್ಕದಲ್ಲಿ ತಡವಾಗಿ. ಚೆಂಡು ಪಕ್ಕಕ್ಕೆ ಜಗ್ಗುತ್ತದೆ, ಥಟ್ಟನೆ ಇಳಿಯುತ್ತದೆ. ವೇಗ ಸ್ವಲ್ಪ ಬದಲಾದರೂ ನಡತೆ ಬದಲು. ಅಂಕಣದ ಉದ್ದ 18 ಮೀಟರ್. ಚೆಂಡು ಹುಡುಗಿಯ ಬಳಿ ಬರಲು ಹೆಚ್ಚುಕಡಿಮೆ ಒಂದು ಸೆಕೆಂಡು ಸಾಕು. ಅಷ್ಟರಲ್ಲಿ ಅವಳು ಅದರ ಕೊನೆಯ ಕೊಂಕನ್ನೂ ಹಿಡಿಯಬೇಕು.

ಇದನ್ನು ಹೇಗೆ ಕಲಿಸುವುದು? ಅಭ್ಯಾಸದ ಒಂದು ಮಧ್ಯಾಹ್ನವನ್ನು ಹತ್ತಿರದಿಂದ ನೋಡೋಣ. ಒಂದು ಜಿಮ್‌ನಲ್ಲಿ ಹುಡುಗಿಯರು ಇಬ್ಬಿಬ್ಬರಾಗಿ ಎದುರುಬದುರು ನಿಂತಿದ್ದಾರೆ. ಒಬ್ಬಳು ಕೈಯಿಂದ ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಪಾಸ್ ಮಾಡುತ್ತಾಳೆ. ಒಂದೇ ಎತ್ತರ, ಒಂದೇ ದೂರ, ಸಾಲಾಗಿ ಐವತ್ತು ಸಲ. ಹತ್ತನೆಯ ಎಸೆತಕ್ಕೆ ತಾಳ ಸಿಗುತ್ತದೆ, ಇಪ್ಪತ್ತನೆಯದಕ್ಕೆ ಚೆಂಡು ಬೇಕಾದ ಜಾಗಕ್ಕೇ ಹೋಗಿ ಬೀಳತೊಡಗುತ್ತದೆ. ನೋಡುವವರಿಗೆ ಕಣ್ಣಿಗೆ ಹಬ್ಬ. ಹುಡುಗಿಯರಿಗೂ ನಾವು ಕಲಿತೆವು ಎಂಬ ಸಂತೋಷ. ಪಕ್ಕದ ಜಿಮ್‌ನಲ್ಲಿ ಬೇರೆ ದೃಶ್ಯ. ನೆಟ್‌ನ ಆಚೆಯಿಂದ ಮೂವರು ಸರ್ವ್ ಮಾಡುತ್ತಿದ್ದಾರೆ. ಒಂದು ಚೆಂಡು ಗಿಡ್ಡ, ಮುಂದಿನದು ಮೂಲೆಗೆ, ಅದರ ಮುಂದಿನದು ಎದೆಯ ನೇರಕ್ಕೆ. ಯಾವಾಗ ಯಾವುದು ಎಂದು ಹೇಳುವುದಿಲ್ಲ. ಪಾಸ್ ಆದ ಚೆಂಡನ್ನು ಸೆಟ್ಟರ್ ಎತ್ತುತ್ತಾಳೆ, ಯಾರೋ ಹೊಡೆಯುತ್ತಾರೆ, ಆಟ ಮುಂದುವರಿಯುತ್ತದೆ. ತಪ್ಪುಗಳೋ ತಪ್ಪುಗಳು. ಚೆಂಡು ಗೋಡೆಗೆ ಬಡಿಯುತ್ತದೆ, ಛಾವಣಿಗೆ ತಾಗುತ್ತದೆ. ಹೊರಗಿನವರು ಬಂದು ನೋಡಿದರೆ ಈ ಕೋಚ್‌ಗೆ ಕೆಲಸ ಗೊತ್ತಿಲ್ಲ ಅಂದುಕೊಳ್ಳಬೇಕು.

1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಎಂಬಿಬ್ಬರು ಸಂಶೋಧಕರು ಇದೇ ಭೇದವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಕೈಯಲ್ಲಿ ಚೆಂಡು ಹಿಡಿದು ಮರದ ಸಣ್ಣ ಅಡ್ಡಿಗಳನ್ನು ಗೊತ್ತಾದ ಕ್ರಮದಲ್ಲಿ ಬೇಗ ಬೇಗ ಉರುಳಿಸುವ ಮೂರು ಕೆಲಸ, ಒಟ್ಟು 54 ಪ್ರಯತ್ನ. ಒಂದು ಗುಂಪು ಮೊದಲ ಕೆಲಸವನ್ನು 18 ಸಲ ಮಾಡಿ ಮುಗಿಸಿ ಎರಡನೆಯದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಮೂರೂ ಕಲಸುಮೇಲೋಗರ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ವೇಗ. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಎರಡನೆಯ ಗುಂಪು ಮುಂದೆ. ಒಂದೇ ಕೆಲಸವನ್ನು ಸಾಲಾಗಿ ಮಾಡುವಾಗ ಮಿದುಳು ಹಿಂದಿನ ಪ್ರಯತ್ನದ ಉತ್ತರವನ್ನೇ ಮತ್ತೆ ಬಳಸಿಕೊಳ್ಳುತ್ತದೆ. ಕೆಲಸ ಬದಲಾಗುತ್ತಿದ್ದರೆ ಪ್ರತಿ ಸಲವೂ ನೆನಪಿನಿಂದ ಹೊಸದಾಗಿ ಎತ್ತಿ ತರಬೇಕು. ಆ ಎತ್ತಿ ತರುವ ಶ್ರಮವೇ ಕಲಿಕೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಪ್ರಯೋಗಾಲಯದ ಮರದ ತುಂಡುಗಳಿಗೂ ಆಟಕ್ಕೂ ಏನು ಸಂಬಂಧ ಎಂದು ಕೇಳುವುದು ನ್ಯಾಯವೇ. 1986ರಲ್ಲಿ ಸೈನಾ ಗುಡ್ ಮತ್ತು ರಿಚರ್ಡ್ ಮ್ಯಾಗಿಲ್ ಬ್ಯಾಡ್ಮಿಂಟನ್ ಗೊತ್ತಿಲ್ಲದ 30 ಯುವತಿಯರಿಗೆ ಮೂರು ಬಗೆಯ ಸರ್ವ್ ಕಲಿಸಿದರು. ವಾರಕ್ಕೆ ಮೂರು ದಿನ, ಮೂರು ವಾರ, ದಿನಕ್ಕೆ 36 ಸರ್ವ್. ಎಲ್ಲರಿಗೂ ಅಷ್ಟೇ ಶ್ರಮ, ಕ್ರಮ ಮಾತ್ರ ಬೇರೆ. ಕಲಸಿ ಅಭ್ಯಾಸ ಮಾಡಿದವರು ನಂತರದ ಪರೀಕ್ಷೆಯಲ್ಲೂ, ಅಂಕಣದ ಬೇರೆ ಬದಿಯಿಂದ ಸರ್ವ್ ಮಾಡಬೇಕಾಗಿ ಬಂದಾಗಲೂ ಮೇಲುಗೈ ಪಡೆದರು. 1994ರಲ್ಲಿ ಕಾಲೇಜು ಬೇಸ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. 30 ಮಂದಿ ಪಳಗಿದ ಆಟಗಾರರು, ಆರು ವಾರ. ಕೆಲವರಿಗೆ ಒಂದೇ ಬಗೆಯ ಎಸೆತ 15, ಆಮೇಲೆ ಇನ್ನೊಂದು 15, ಮತ್ತೊಂದು 15. ಕೆಲವರಿಗೆ ಅದೇ 45 ಎಸೆತಗಳು ಯಾವಾಗ ಯಾವುದೆಂದು ತಿಳಿಯದಂತೆ. ಉಳಿದವರಿಗೆ ಹೆಚ್ಚಿನ ಅಭ್ಯಾಸವೇ ಇಲ್ಲ. ಕೊನೆಗೆ ಎಸೆತಗಳನ್ನು ಕಲಸಿ ಪರೀಕ್ಷೆ ಮಾಡಿದಾಗ ಸುಧಾರಣೆ ಕ್ರಮವಾಗಿ ಶೇ 24.8, ಶೇ 56.7, ಶೇ 6.2.

ಇದನ್ನು ಮಂತ್ರದಂತೆ ಹಿಡಿದುಕೊಳ್ಳುವುದೂ ತಪ್ಪು. ನಂತರ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಆಟದ ಅಂಕಣದಲ್ಲಿ ಈ ಪರಿಣಾಮ ಪ್ರಯೋಗಾಲಯದಷ್ಟು ದೊಡ್ಡದಾಗಿ ಕಾಣುವುದಿಲ್ಲ ಎಂದಿದ್ದಾರೆ. ಮುಂಗೈ ಜೋಡಿಸುವುದೇ ಗೊತ್ತಿಲ್ಲದ ಹುಡುಗಿಯ ಮುಂದೆ ಮೊದಲ ದಿನವೇ ಮೂರು ಬಗೆ ಸರ್ವ್ ಸುರಿದರೆ ಅವಳು ಹೆದರುತ್ತಾಳೆ ಅಷ್ಟೆ. ಮೊದಲ ಕೆಲವು ದಿನ ಸರಳವಾಗಿ, ಆಕಾರ ಬಂದ ಕೂಡಲೇ ಆಟಕ್ಕೆ ಹತ್ತಿರವಾಗಿ: ಈ ಹದ ಹಿಡಿಯುವುದೇ ಕೋಚ್‌ನ ಕೆಲಸ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಎಲ್‌ಎಯ, ಮನಶ್ಶಾಸ್ತ್ರಜ್ಞ ರಾಬರ್ಟ್ ಬ್ಯೋರ್ಕ್ ದಶಕಗಳಿಂದ ಒತ್ತಿ ಹೇಳುತ್ತ ಬಂದ ಭೇದವೊಂದಿದೆ. ಅಭ್ಯಾಸದ ಹೊತ್ತಿನಲ್ಲಿ ಕಾಣುವ ಸಾಧನೆ ಬೇರೆ, ಉಳಿಯುವ ಕಲಿಕೆ ಬೇರೆ. ಒಂದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ವಾರಗಳ ನಂತರವೇ ತಿಳಿಯುತ್ತದೆ. ಎರಡೇ ಸೀಸನ್ ಕೈಯಲ್ಲಿರುವ ಕೋಚ್‌ಗೆ ಬೇಗ ಕಾಣುವುದರ ಕಡೆಗೇ ಮನಸ್ಸು ಎಳೆಯುತ್ತದೆ. ಆ ಸೆಳೆತಕ್ಕೆ ಒಳಗಾಗದವರ ತಂಡಗಳೇ ನವೆಂಬರ್‌ನಲ್ಲಿ ಇನ್ನೂ ಆಡುತ್ತಿರುತ್ತವೆ ಎಂದು ನಾನು ನಂಬಿದ್ದೇನೆ.

ಈ ವಿಜ್ಞಾನವನ್ನು ವಾಲಿಬಾಲ್‌ಗೆ ತಂದವರಲ್ಲಿ ಕಾರ್ಲ್ ಮೆಕ್‌ಗೌನ್ ಹೆಸರು ಹೇಳಲೇಬೇಕು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಚಲನ ಕಲಿಕೆಯ ಪ್ರಾಧ್ಯಾಪಕರಾಗಿದ್ದ ಅವರು ಅಲ್ಲಿನ ಪುರುಷರ ತಂಡಕ್ಕೂ ಕೋಚ್ ಆಗಿ 1999 ಮತ್ತು 2001ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು. ಆಟವನ್ನು ಕಲಿಯಬೇಕಾದರೆ ಆಟದಂಥದ್ದನ್ನೇ ಅಭ್ಯಾಸ ಮಾಡಬೇಕು ಎಂಬ ಅವರ ನಿಲುವು ಸಾವಿರಾರು ಶಾಲಾ ಕಾಲೇಜು ಕೋಚ್‌ಗಳಿಗೆ ಶಿಬಿರಗಳ ಮೂಲಕ ತಲುಪಿತು.

ಇನ್ನು ಕೋಚ್ ಆಡುವ ಮಾತು. ಕೋಚ್ ಎಂದರೆ ಗಂಟಲು ಹರಿಯುವಂತೆ ಕೂಗುವವರು ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲಿದೆ. 1974–75ರಲ್ಲಿ ಯುಸಿಎಲ್‌ಎಯ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ತಮ್ಮ ಕೊನೆಯ ಸೀಸನ್‌ನಲ್ಲಿದ್ದರು, ಹತ್ತನೆಯ ರಾಷ್ಟ್ರೀಯ ಪ್ರಶಸ್ತಿಯತ್ತ ಸಾಗಿದ್ದರು. ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಮನಶ್ಶಾಸ್ತ್ರಜ್ಞರು 15 ಅಭ್ಯಾಸಗಳಲ್ಲಿ ಬೆಂಚಿನ ಮೇಲೆ ಕೂತು ಅವರು ಕಲಿಸಿದ ಒಂದೊಂದು ಸಲವನ್ನೂ ಗುರುತು ಹಾಕಿಕೊಂಡರು. ಒಟ್ಟು 2,326. ಅವುಗಳಲ್ಲಿ ಹೊಗಳಿಕೆ ಶೇ 6.9, ತೆಗಳಿಕೆ ಶೇ 6.6. ಸುಮಾರು ಮುಕ್ಕಾಲು ಪಾಲು ಬರೀ ಮಾಹಿತಿ: ಏನು ಮಾಡಬೇಕು, ಹೇಗೆ ಮಾಡಬೇಕು. ಒಂದೊಂದೂ ಕೆಲವೇ ಸೆಕೆಂಡುಗಳ ಮಾತು. ಭಾಷಣ ಇಲ್ಲವೇ ಇಲ್ಲ.

ಮಾಹಿತಿಯಲ್ಲೂ ಎರಡು ಬಗೆ ಇದೆ. 2002ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ವಾಲಿಬಾಲ್ ಸರ್ವ್ ಕಲಿಯುತ್ತಿದ್ದವರಿಗೆ ಎರಡು ರೀತಿಯಲ್ಲಿ ಸೂಚನೆ ಕೊಟ್ಟರು. ಒಂದು ಗುಂಪಿಗೆ ಮೈಯ ಬಗ್ಗೆ ಮಾತು: ತೂಕವನ್ನು ಹಿಂಗಾಲಿನಿಂದ ಮುಂಗಾಲಿಗೆ ತಾ, ಮೊದಲು ಭುಜ ಬರಲಿ, ಆಮೇಲೆ ತೋಳು, ಕೊನೆಗೆ ಕೈ. ಇನ್ನೊಂದು ಗುಂಪಿಗೆ ಮೈಯ ಆಚೆಗಿನ ಮಾತು: ತೂಕವನ್ನು ಗುರಿಯ ಕಡೆಗೆ ಸಾಗಿಸು, ಗಾಡಿಯವನು ಕುದುರೆಗೆ ಚಾವಟಿ ಬೀಸಿದಂತೆ ಹೊಡೆ. ಹೇಳಿದ ಚಲನೆ ಅದೇ, ಗಮನ ಹರಿದ ಜಾಗ ಬೇರೆ. ಹೊಸಬರಲ್ಲೂ ಪಳಗಿದವರಲ್ಲೂ ಎರಡನೆಯ ಗುಂಪಿನ ಸರ್ವ್‌ಗಳು ಹೆಚ್ಚು ನಿಖರವಾಗಿದ್ದವು, ವಾರದ ನಂತರವೂ ಹಾಗೇ ಉಳಿದವು. ಕೈಕಾಲಿನ ಮೇಲೆ ಗಮನ ಇಟ್ಟರೆ ತಾನಾಗಿ ನಡೆಯಬೇಕಾದ ಚಲನೆಗೆ ನಾವೇ ಅಡ್ಡ ನಿಂತಂತೆ. ರೊಟ್ಟಿ ತಟ್ಟುವಾಗ ಬೆರಳು ಎಲ್ಲಿದೆ ಎಂದು ಯೋಚಿಸುತ್ತ ಕೂತರೆ ರೊಟ್ಟಿ ಹರಿಯುತ್ತದೆ, ಕಣ್ಣು ರೊಟ್ಟಿಯ ಅಂಚಿನ ಮೇಲಿರಬೇಕು. ಆದ್ದರಿಂದ ಬಲ್ಲ ಕೋಚ್ "ಮೊಣಕೈ ಬಾಗಿಸಬೇಡ" ಎನ್ನುವ ಬದಲು "ಸೆಟ್ಟರ್‌ಗೆ ಹಲಗೆ ತೋರಿಸು" ಅನ್ನುತ್ತಾರೆ. ಎರಡು ಮುಂಗೈ ತಾವಾಗಿ ಹಲಗೆಯಾಗುತ್ತವೆ.

ಎಷ್ಟು ಸಲ ಹೇಳಬೇಕು ಎಂಬುದೂ ಮುಖ್ಯ. ಪ್ರತಿ ಪ್ರಯತ್ನದ ನಂತರವೂ ತಿದ್ದಿದರೆ ಕಲಿಯುವವಳು ಆ ತಿದ್ದುಪಡಿಯ ಮೇಲೆ ಒರಗಿಕೊಳ್ಳುತ್ತಾಳೆ. ಪಂದ್ಯದಲ್ಲಿ ಅದು ಸಿಗುವುದಿಲ್ಲ. ಅರ್ಧದಷ್ಟು ಸಲ ಮಾತ್ರ ಹೇಳಿದಾಗ ನೆನಪು ಗಟ್ಟಿಯಾಗುವುದನ್ನು 1990ರಲ್ಲಿ ಕ್ಯಾರೊಲಿ ವಿನ್‌ಸ್ಟೈನ್ ಮತ್ತು ರಿಚರ್ಡ್ ಶ್ಮಿಟ್ ತೋರಿಸಿದರು. ಕೋಚ್ ಸುಮ್ಮನಿರುವುದೂ ಕಲಿಸುವುದರ ಒಂದು ಭಾಗ.

ವಾಲಿಬಾಲ್‌ನಲ್ಲಿ ಕೈಗಿಂತ ಮೊದಲು ಪಳಗಬೇಕಾದ್ದು ಕಣ್ಣು. ಸ್ಮ್ಯಾಶ್ ಒಂದು ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಬಂತು ಎನ್ನಿ. ಏಳು ಮೀಟರ್ ಹಿಂದೆ ನಿಂತವಳನ್ನು ತಲುಪಲು ಅದಕ್ಕೆ ಬೇಕಾದದ್ದು 0.32 ಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಮೈ ಅಲುಗಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಉಳಿದದ್ದು ಹತ್ತನೇ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಹೊಡೆತವನ್ನು ನೋಡಿ ಓಡಿದರೆ ತಲುಪುವ ಮಾತೇ ಇಲ್ಲ. ಒಳ್ಳೆಯ ಡಿಫೆಂಡರ್ ಹೊಡೆತಕ್ಕೆ ಮೊದಲೇ ಅದನ್ನು ಓದಿರುತ್ತಾಳೆ: ಹೊಡೆಯುವವಳು ಓಡಿಬಂದ ಕೋನ, ಅವಳ ಭುಜ ತಿರುಗಿದ ದಿಕ್ಕು, ಚೆಂಡು ನೆಟ್‌ಗೆ ಎಷ್ಟು ಹತ್ತಿರವಿದೆ ಎಂಬುದು. 1980ರಲ್ಲಿ ಕೆನಡಾದ ಫ್ರಾನ್ ಅಲ್ಲಾರ್ಡ್ ಮತ್ತು ಜಾನೆಟ್ ಸ್ಟಾರ್ಕ್ಸ್ ಆಟದ ಚಿತ್ರಗಳನ್ನು ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದೆ ತೋರಿಸಿ ಚೆಂಡು ಇತ್ತೇ ಇಲ್ಲವೇ ಎಂದು ಕೇಳಿದರು. ವಾಲಿಬಾಲ್ ಆಟಗಾರರು ಇತರರಿಗಿಂತ ಬೇಗ ಗುರುತಿಸಿದರು. ಈ ಓದುವಿಕೆ ಹುಟ್ಟಿನಿಂದ ಬಂದದ್ದಲ್ಲ. ಎದುರಿಗೆ ನಿಜವಾದ ಮನುಷ್ಯರು ನಿಜವಾಗಿ ಹೊಡೆಯುವುದನ್ನು ಸಾವಿರಾರು ಸಲ ಎದುರಿಸಿದಾಗ ಬರುತ್ತದೆ. ಕೋಚ್ ಪೆಟ್ಟಿಗೆಯ ಮೇಲೆ ನಿಂತು ತಾವೇ ಚೆಂಡು ಹೊಡೆಯುವ ಅಭ್ಯಾಸದಲ್ಲಿ ಓದಲು ಓಟವೂ ಇಲ್ಲ, ನೆಗೆತವೂ ಇಲ್ಲ. ಕೈಗೆ ಕೆಲಸ ಸಿಗುತ್ತದೆ, ಕಣ್ಣು ಉಪವಾಸ.

ಈಗ ಮಂಡಿಯ ಮಾತಿಗೆ ಬರುತ್ತೇನೆ. ನನಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ನೆಗೆದು ಇಳಿಯುವ, ಥಟ್ಟನೆ ದಿಕ್ಕು ಬದಲಿಸುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗಿಯರಿಗೆ ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. ಬಹಳ ಸಲ ಯಾರೂ ತಾಗಿರುವುದಿಲ್ಲ, ಬಿದ್ದಿರುವುದೂ ಇಲ್ಲ. ನೆಗೆದವಳು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆ, ಅಷ್ಟೇ. ಎರಡೇ ಸೀಸನ್ ಇರುವವಳಿಗೆ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆ ಎಂದರೆ ಒಂದು ಸೀಸನ್ ಹೋದಂತೆ, ಎಷ್ಟೋ ಸಲ ಮುಂದಿನ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನವೂ ಹೋದಂತೆ.

ಇದನ್ನು ತಡೆಯಲು ದುಬಾರಿ ಯಂತ್ರ ಬೇಡ. ಟಿಮೊಥಿ ಹ್ಯೂವೆಟ್ ಮತ್ತು ಸಂಗಡಿಗರು 1996ರಲ್ಲಿ ಹೈಸ್ಕೂಲಿನ 11 ವಾಲಿಬಾಲ್ ಹುಡುಗಿಯರಿಗೆ ನೆಗೆಯುವುದನ್ನೂ ಇಳಿಯುವುದನ್ನೂ ಹೊಸದಾಗಿ ಕಲಿಸಿದರು. ಇಳಿಯುವಾಗ ನೆಲ ಹೊಡೆಯುವ ಬಲ ಶೇ 22 ತಗ್ಗಿತು, ನೆಗೆತ ಸುಮಾರು ಶೇ 10 ಏರಿತು. 1999ರಲ್ಲಿ ಅದೇ ತಂಡ ಫುಟ್‌ಬಾಲ್, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ 1,263 ಶಾಲಾ ಕ್ರೀಡಾಪಟುಗಳನ್ನು ಒಂದು ಸೀಸನ್ ಗಮನಿಸಿತು. ಆರು ವಾರದ ತರಬೇತಿ ಪಡೆಯದ ಹುಡುಗಿಯರಲ್ಲಿ ಗಂಭೀರ ಮಂಡಿ ಗಾಯ ತರಬೇತಿ ಪಡೆದವರಿಗಿಂತ 3.6 ಪಟ್ಟು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅದಲ್ಲ, ಆದ್ದರಿಂದ ಆ ಸಂಖ್ಯೆಯನ್ನು ಕೊಂಚ ಎಚ್ಚರದಿಂದ ಹಿಡಿಯಬೇಕು. ದಿಕ್ಕಿನ ಬಗ್ಗೆ ಮಾತ್ರ ಅನುಮಾನವಿಲ್ಲ, ನಂತರದ ಹಲವು ಅಧ್ಯಯನಗಳು ಅದನ್ನೇ ಹೇಳಿವೆ.

ನೋಡಲು ಇದು ಬಹಳ ಸಾಧಾರಣ. ಹುಡುಗಿ ಮೊಣಕಾಲೆತ್ತರದ ಪೆಟ್ಟಿಗೆಯ ಮೇಲೆ ನಿಲ್ಲುತ್ತಾಳೆ. ಕೆಳಗಿಳಿಯುತ್ತಾಳೆ. ಎರಡೂ ಪಾದ ಒಟ್ಟಿಗೆ, ಭುಜದಗಲ. ಮಂಡಿ ಬಾಗಬೇಕು, ಆದರೆ ಒಂದಕ್ಕೊಂದು ಹತ್ತಿರವಾಗಬಾರದು. ಪಾದದ ಬೆರಳಿನ ನೇರಕ್ಕೇ ಇರಬೇಕು. ಕೋಚ್ ಎದುರು ನಿಂತು ನೋಡುವುದಕ್ಕಿಂತ ಹೆಚ್ಚಾಗಿ ಕಿವಿಗೊಟ್ಟು ಕೇಳುತ್ತಾರೆ. ಧಡ್ ಎಂದು ಸದ್ದಾದರೆ ಮತ್ತೊಮ್ಮೆ. ಬೆಕ್ಕು ಅಟ್ಟದಿಂದ ಇಳಿದಂತೆ ಸದ್ದಿಲ್ಲದೆ ಇಳಿದರೆ ಸರಿ. ಇಲ್ಲಿಯೂ ಸೂಚನೆ ಮಂಡಿಯ ಬಗ್ಗೆ ಅಲ್ಲ, ಸದ್ದಿನ ಬಗ್ಗೆ ಎಂಬುದನ್ನು ಗಮನಿಸಿ. ನಾಲ್ಕನೆಯ ವಾರದ ಹೊತ್ತಿಗೆ ಪೆಟ್ಟಿಗೆ ಬಿಟ್ಟು, ಸ್ಮ್ಯಾಶ್ ಹೊಡೆದು ಇಳಿಯುವಾಗಲೂ ಸದ್ದು ತಗ್ಗಿರುತ್ತದೆ. ವಾಲಿಬಾಲ್‌ನ ಅತಿ ಸಾಮಾನ್ಯ ಗಾಯವಾದ ಕಾಲುಳುಕಿಗೂ ಹೀಗೇ ಮದ್ದುಂಟು. ಅದು ಹೆಚ್ಚಾಗಿ ಆಗುವುದು ನೆಟ್ ಕೆಳಗೆ ಇನ್ನೊಬ್ಬರ ಪಾದದ ಮೇಲೆ ಇಳಿದಾಗ. ನಾರ್ವೆಯ ಆಟಗಾರರಿಗೆ ಓಡಿಬಂದು ನೆಗೆದು ಇಳಿಯುವ ರೀತಿಯನ್ನೂ, ಅಲ್ಲಾಡುವ ಹಲಗೆಯ ಮೇಲೆ ನಿಲ್ಲುವುದನ್ನೂ ಕಲಿಸಿದ ಮೇಲೆ ಉಳುಕು ಅರ್ಧಕ್ಕಿಳಿಯಿತು ಎಂದು 1997ರಲ್ಲಿ ರೋಲ್ಡ್ ಬಾರ್ ಮತ್ತು ಸಂಗಡಿಗರು ವರದಿ ಮಾಡಿದರು.

ಇಷ್ಟೆಲ್ಲ ಫಲಿಸಬೇಕಾದರೆ ಹುಡುಗಿ ಹೊಟ್ಟೆ ತುಂಬ ಉಂಡಿರಬೇಕು, ಕಣ್ತುಂಬ ನಿದ್ದೆ ಮಾಡಿರಬೇಕು. ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲಿ ನಿಂತು ದುಡಿದು ಬೆಳಿಗ್ಗೆ ತರಗತಿಗೆ ಓಡುವವಳಿಗೆ ಎರಡೂ ಸುಲಭವಲ್ಲ. ಖರ್ಚಾಗುವಷ್ಟು ಶಕ್ತಿ ಊಟದಿಂದ ಬರದಿದ್ದರೆ ದೇಹ ಮೊದಲು ಉಳಿತಾಯ ಮಾಡುವುದು ಮುಟ್ಟಿನಲ್ಲಿ, ಆಮೇಲೆ ಮೂಳೆಯಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೆಸರಿಟ್ಟು ಎಚ್ಚರಿಸಿತು. ಮುಟ್ಟು ನಿಂತರೆ ಅದು ಕಠಿಣ ಅಭ್ಯಾಸದ ಗುರುತು ಎಂದು ಹೆಮ್ಮೆಪಡುವ ಹಳೆಯ ಮಾತು ಅಪಾಯಕಾರಿ. ಅದು ವೈದ್ಯರ ಬಳಿ ಹೋಗಬೇಕಾದ ಗುರುತು. ಹುಡುಗಿ ಇದನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳುವಂಥ ಕೋಚ್ ಇದ್ದರೆ ತಂಡದ ಅರ್ಧ ಆರೋಗ್ಯ ಉಳಿದಂತೆ. ಕಲಿಸುವ ಹೆಂಗಸರ ಪಾಲು ಕುಸಿದದ್ದು ನನ್ನನ್ನು ಏಕೆ ಕಾಡುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ.

1895ರಲ್ಲಿ ಮೆಸಚೂಸೆಟ್ಸ್‌ನ ಹೋಲಿಯೋಕ್ ಪಟ್ಟಣದ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಈ ಆಟ ಕಟ್ಟಿದ್ದು ಬ್ಯಾಸ್ಕೆಟ್‌ಬಾಲ್‌ನ ನೂಕಾಟ ಬೇಡವೆನ್ನುವ ನಡುವಯಸ್ಸಿನವರಿಗಾಗಿ. ಅದೇ ವೈಎಂಸಿಎ ಮೂಲಕ ಅದು ನಮ್ಮ ದೇಶಕ್ಕೂ ಬಂತು. ಕರಾವಳಿ, ಮಲೆನಾಡಿನ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಯಾಗಿ ಬೇರೂರಿತು. ನಮ್ಮ ಪಿಯು ಕಾಲೇಜಿಗೂ ಆ ಅಮೆರಿಕದ ಕಾಲೇಜಿಗೂ ಹೋಲಿಕೆ ಇರುವುದು ಒಂದೇ ವಿಷಯದಲ್ಲಿ: ಹುಡುಗಿ ಅಲ್ಲಿರುವುದು ಎರಡು ವರ್ಷ. ಈ ಲೇಖನ ಓದುತ್ತಿರುವವರಲ್ಲಿ ದೈಹಿಕ ಶಿಕ್ಷಣದ ಉಪನ್ಯಾಸಕರು, ಪಿ.ಟಿ. ಮೇಷ್ಟ್ರು, ಟೀಚರ್ ಇದ್ದರೆ ಅವರಲ್ಲಿ ಒಂದು ಕೋರಿಕೆ. ನೆಟ್ 2.24 ಮೀಟರ್ ಎತ್ತರಕ್ಕೆ ಕಟ್ಟಿ ಅಭ್ಯಾಸ ಶುರು ಮಾಡುವ ಮೊದಲು ಹದಿನೈದು ನಿಮಿಷ ತೆಗೆದಿಡಿ. ಒಂದು ಗಟ್ಟಿ ಪೆಟ್ಟಿಗೆ ಸಾಕು, ಕಟ್ಟೆಯಾದರೂ ನಡೆದೀತು. ಒಬ್ಬೊಬ್ಬ ಹುಡುಗಿಯನ್ನೂ ಅದರ ಮೇಲಿಂದ ಇಳಿಸಿ, ಎದುರು ನಿಂತು ಮಂಡಿ ಒಳಕ್ಕೆ ವಾಲುತ್ತದೆಯೇ ನೋಡಿ, ಸದ್ದಿಗೆ ಕಿವಿಗೊಡಿ. ವಾರಕ್ಕೆ ಮೂರು ದಿನ, ಆರು ವಾರ ಇದನ್ನು ಬಿಡದೆ ಮಾಡಿ.